ಗಾಜಿನೊಳಗಿನ ಗುಳ್ಳೆ ಯಾರ ಸಬ್ಜೆಕ್ಟು?

ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ, ಮೊದಲನೇ ಸಲ ಸಿಟ್ಟು ಬಂತು, ಎರಡನೇ ಸಲ ಅರ್ಧ ಇಳೀತು. ನಮ್ಮ ಪತ್ರಿಕೆಯ ಗಾಜಿನ ವಿಶೇಷಾಂಕದಲ್ಲಿ ಕೆಮಿಸ್ಟು, ಗಾಜು ಊದೋರು, ಪುರಾತತ್ವದೋರು, ಮ್ಯೂಸಿಯಂ ಕನ್ಸರ್ವೇಟರು (ಹಳೇ ವಸ್ತು ಕೆಡದ ಹಾಗೆ ಕಾಪಾಡೋರು) ಎಲ್ಲರನ್ನೂ ಒಂದೇ ಜಗಲೀಲಿ ಕೂರಿಸಿದ್ದೀವಿ, ಯಾರ ಮಾತೂ ಪೂರ್ತಿ ಆಗ್ಲಿಲ್ಲ, ಗಾಜು ಅಂದ್ರೆ ಮಟೀರಿಯಲ್ ಸೈನ್ಸು, ಮಿಕ್ಕಿದ್ದೆಲ್ಲ ಅಲಂಕಾರ ಅಂತ ಬರೆದಿದ್ದೀರಿ. ಆ 'ಅಲಂಕಾರ' ಅನ್ನೋ ಪದಕ್ಕೇ ನಂಗೆ ಉರಿದಿದ್ದು.

1962ರ ಒಂದು ಕಥೆ ಹೇಳ್ತೀನಿ. ಹಾರ್ವಿ ಲಿಟಲ್‌ಟನ್ ಅಂತ ಅಮೆರಿಕದಲ್ಲಿ ಸೆರಾಮಿಕ್ಸ್ ಮೇಷ್ಟ್ರು, ಕಲಾವಿದ ಫ್ಯಾಕ್ಟರಿ ಹಂಗಿಲ್ದೆ ತಾನೇ ಸಣ್ಣ ಕುಲುಮೇಲಿ ಗಾಜು ಕರಗಿಸಿ ಊದ್ಬೋದು ಅಂತ ಅವರಿಗೆ ಹಟ. ಮಾರ್ಚಲ್ಲಿ ಟೊಲೆಡೊ ಮ್ಯೂಸಿಯಂ ಆಫ್ ಆರ್ಟ್ ಆವರಣದ ಒಂದು ಗ್ಯಾರೇಜಲ್ಲಿ ವರ್ಕ್‌ಶಾಪ್ ಇಟ್ರು. ಮೊದಲು ಕರಗಿಸಿದ ಗಾಜು ಕೆಲಸಕ್ಕೇ ಬರ್ಲಿಲ್ಲ. ಆಗ ಜಾನ್ಸ್ ಮ್ಯಾನ್‌ವಿಲ್ ಕಂಪನಿಯ ರಿಸರ್ಚ್ ಮನುಷ್ಯ ಡಾಮಿನಿಕ್ ಲಬೀನೋ, ಫೈಬರ್‌ಗ್ಲಾಸ್ ಮಾಡೋಕೆ ಬಳಸೋ 475 ನಂಬರ್ ಗಾಜಿನ ಗೋಲಿಗಳಿವೆ, ಅದನ್ನ ಕರಗಿಸಿ ನೋಡಿ ಅಂದ್ರು. ಗಾಜೇನೋ ಹದಕ್ಕೆ ಬಂತು, ಆದ್ರೆ ಊದೋದು ನೆಟ್ಟಗೆ ಯಾರಿಗೆ ಗೊತ್ತು? ಲಿಬ್ಬಿ ಗಾಜಿನ ಫ್ಯಾಕ್ಟರೀಲಿ ಊದಿ ಊದಿ ರಿಟೈರ್ ಆಗಿದ್ದ ಹಾರ್ವಿ ಲೀಫ್‌ಗ್ರೀನ್ ಬಂದು ಕೊಳವೆ ಹಿಡಿದು ತೋರಿಸಿಕೊಟ್ರು. ಸ್ಟುಡಿಯೋ ಗ್ಲಾಸ್ ಅಂತ ಇವತ್ತು ನಾವು ಕರೆಯೋದಕ್ಕೆ ಅಮೆರಿಕದಲ್ಲಿ ದಾರಿ ಆಗಿದ್ದು ಅಲ್ಲಿಂದ. ಮೂವರಲ್ಲಿ ಅಲಂಕಾರ ಯಾರು, ನೀವೇ ಹೇಳಿ.

ಇನ್ನೊಂದು ತಮಾಷೆ ಇದೆ. ಹಾರ್ವಿಯ ಅಪ್ಪ ಜೆಸ್ಸಿ ಲಿಟಲ್‌ಟನ್ ಕಾರ್ನಿಂಗ್ ಗಾಜಿನ ಕಂಪನೀಲಿ ಫಿಸಿಸಿಸ್ಟ್. ನಿಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಸಾಫ್ಟನಿಂಗ್ ಪಾಯಿಂಟ್ ಅಂತ ಬರುತ್ತಲ್ಲ, ಗಾಜಿನ ಸ್ನಿಗ್ಧತೆ (ಹರಿಯೋಕೆ ಒಡ್ಡೋ ತಡೆ, ಅದರ ಅಳತೆ ಪಾಯ್ಸ್) 10ರ ಘಾತ 7.6 ಪಾಯ್ಸ್ ಇರೋ ಉಷ್ಣಾಂಶ, ಅದಕ್ಕೆ ಲಿಟಲ್‌ಟನ್ ಪಾಯಿಂಟ್ ಅಂತಾನೇ ಹೆಸರು. ಅಂಥವರ ಮಗ ಗಾಜು ಹದಕ್ಕೆ ಬರ್ತಿಲ್ಲ ಅಂತ ಗ್ಯಾರೇಜಲ್ಲಿ ತಲೆ ಕೆರ್ಕೊಂಡು ನಿಂತಿದ್ದ! (ಅಪ್ಪನ ಕಥೇನೂ ಬರೀ ಲ್ಯಾಬಿಂದಲ್ಲ ಬಿಡಿ. ಬಿಸಿ ತಡೆಯೋ ಗಾಜಿನ ಬ್ಯಾಟರಿ ಜಾರ್ ಅವರು ಕತ್ತರಿಸಿ ಕೊಟ್ಟಾಗ ಅದರಲ್ಲಿ ಕೇಕ್ ಬೇಯಿಸಿ ಕಳಿಸಿದ್ದು ಅವರ ಹೆಂಡ್ತಿ ಬೆಸ್ಸಿ, 1915ಕ್ಕೆ ಓವನ್ನಲ್ಲಿ ಇಡೋ ಪೈರೆಕ್ಸ್ ಗಾಜಿನ ಪಾತ್ರೆ ಮಾರ್ಕೆಟ್ಟಿಗೆ ಬಂತು.)

ಈಗ ಗುಳ್ಳೆ ವಿಷಯ. ನನ್ನ ಮೇಜಿನ ಮೇಲೆ ಒಂದು ಹಳೇ ಗಾಜಿನ ಮಣಿ ಇದೆ, ಕಡಲೆ ಕಾಳಿನಷ್ಟು. ಭೂತಗನ್ನಡಿ ಹಿಡಿದ್ರೆ ಒಳಗೆ ಸಣ್ಣ ಸಣ್ಣ ಗುಳ್ಳೆ, ಗುಂಡಗಿಲ್ಲ, ಉದ್ದುದ್ದಕ್ಕೆ ಹಿಗ್ಗಿವೆ, ಎಲ್ಲಾ ದಾರ ಹಾಕೋ ತೂತಿನ ದಿಕ್ಕಿಗೇ ಮುಖ ಮಾಡಿವೆ. ಫ್ಯಾಕ್ಟರಿಯೋರು ಇದನ್ನ 'ಸೀಡ್' ಅಂತಾರೆ, ಅಂದ್ರೆ ದೋಷ, ಮಾಲು ರಿಜೆಕ್ಟ್. ಕೆಮಿಸ್ಟ್ ಕೇಳಿದ್ರೆ ಕರಗಿದ ಗಾಜು ಇನ್ನೂ ತೆಳ್ಳಗಾಗಿ ಗ್ಯಾಸ್ ಮೇಲೆ ಬರೋಕೆ ಬಿಸಿ ಸಾಲ್ಲಿಲ್ಲವೋ ಟೈಮ್ ಸಾಲ್ಲಿಲ್ಲವೋ ಅಂತ ಲೆಕ್ಕ ಹಾಕ್ತಾರೆ. ಪುರಾತತ್ವದೋರಿಗೆ ಇದೇ ಸಾಕ್ಷಿ: ಬಿಸಿ ಗಾಜನ್ನ ಕೊಳವೆ ಥರ ಉದ್ದಕ್ಕೆ ಎಳೆದು ಆಮೇಲೆ ತುಂಡು ಮಾಡಿದ ಮಣಿ ಇದು, ಕಂಬಿಗೆ ಸುತ್ತಿ ಮಾಡಿದ್ದಾಗಿದ್ರೆ ಗುಳ್ಳೆಗಳು ತೂತಿನ ಸುತ್ತ ಬಳೆ ಥರ ತಿರುಗಿರ್ತಿದ್ವು. ಊದೋರ ಕೈಗೆ ಕೊಟ್ಟೆ, ಅವರು ಎಲ್ಲಾ ಬಿಟ್ಟು, ಎಳೀವಾಗ ಕೈ ಒಂದ್ಕಡೆ ಸ್ವಲ್ಪ ನಿಧಾನ ಆಗಿದೆ ನೋಡಿ, ಇಲ್ಲಿ ಗುಳ್ಳೆ ಗಿಡ್ಡ ಅಂದ್ರು. ನಾನು ಅದನ್ನ ಅಲ್ಲೀವರೆಗೂ ನೋಡೇ ಇರ್ಲಿಲ್ಲ.

ಕನ್ಸರ್ವೇಟರ್ ಯಾಕೆ ಅಂತ ಕೇಳಿದ್ರಿ. ಸೋಡಾ ಅಥವಾ ಪೊಟ್ಯಾಶ್ ಜಾಸ್ತಿ, ಸುಣ್ಣ ಕಮ್ಮಿ ಇರೋ ಹಳೇ ಗಾಜು ತೇವಕ್ಕೆ ಬೆವರುತ್ತೆ, ಒಣಗಿದ್ರೆ ಸಣ್ಣ ಬಿರುಕಿನ ಬಲೆ ಬೀಳುತ್ತೆ. ಕಾರಣ ಕೆಮಿಸ್ಟ್‌ಗೆ ಗೊತ್ತು, ಆದ್ರೆ ಕಪಾಟಿನ ಬಾಗಿಲು ತೆಗೆದಾಗ ಬಟ್ಟಲು ಜಿಡ್ಡುಜಿಡ್ಡು ಅನ್ನಿಸ್ತು ಅಂತ ಮೊದಲು ಗೊತ್ತಾಗೋದು ದಿನಾ ಮುಟ್ಟೋ ಕೈಗೆ.

ಇನ್ನು ನಿಮ್ಮ ಪತ್ರದ ಸರಿಯಾದ ಅರ್ಧ. ಹೌದು, ನಾವು ನಾಲ್ಕು ಜನರನ್ನ ಪಕ್ಕಪಕ್ಕ ಕೂರಿಸಿದ್ವಿ, ಮಾತಾಡಿಸ್ಲಿಲ್ಲ. ಒಬ್ಬರ ಲೇಖನ ಇನ್ನೊಬ್ಬರಿಗೆ ತೋರಿಸಿಯೇ ಇಲ್ಲ. ಅದಕ್ಕೇ ಕೆಮಿಸ್ಟ್ ಬರೆದ 'ಸ್ಟೋನ್', ಅಂದ್ರೆ ಗಾಜಲ್ಲಿ ಕರಗದೇ ಉಳಿದ ಹರಳು, ಮತ್ತೆ ಪುರಾತತ್ವದೋರ 'ಸ್ಟೋನ್', ಅಂದ್ರೆ ನಿಜವಾದ ಕಲ್ಲಿನ ಮಣಿ, ಎರಡನ್ನೂ ನಮ್ಮ ಡೆಸ್ಕಲ್ಲಿ 'ಕಲ್ಲು' ಅಂತ ಮಾಡಿ ಬಿಟ್ಟಿದ್ದೀವಿ, ಪ್ರೂಫ್ ನೋಡಿದ್ದು ನಾನೇ. ಓದಿದೋರಿಗೆ ಗಾಜಿನ ಕುಲುಮೇಲಿ ಕಲ್ಲಿನ ಮಣಿ ಹುಟ್ಟಿದ ಹಾಗಿದೆ. ನೀವು ಹಿಡಿದಿದ್ದಕ್ಕೆ ಥ್ಯಾಂಕ್ಸ್.

ಮುಂದಿನ ಸಂಚಿಕೇಲಿ ಲೇಖನ ಬೇಡ ಅಂತ ತೀರ್ಮಾನ ಮಾಡಿದ್ದೀವಿ. ಈ ಮಣೀನೇ ಒಬ್ಬರಿಂದ ಒಬ್ಬರಿಗೆ ಕಳಿಸ್ತೀವಿ, ಹಿಂದಿನೋರು ಬರೆದಿದ್ದನ್ನ ಓದಿ ಅದರ ಕೆಳಗೇ ಬರೀಬೇಕು, ಜಗಳ ಆಡಿದ್ರೂ ಪರವಾಗಿಲ್ಲ, ಕತ್ತರಿ ಹಾಕಲ್ಲ. ನೀವು ಮಟೀರಿಯಲ್ಸ್ ಓದಿದೋರು ಅಂತ ಬರೆದಿದ್ದೀರಿ. ಮೊದಲು ನಿಮಗೇ ಕಳಿಸ್ಲಾ?