ಹೊಸ ಕಪ್ಪು ಕಾರು, ಸೆರಾಮಿಕ್ ಕೋಟಿಂಗ್: ಬಾಟಲಿ ತೆರೆಯುವ ಮುಂಚೆ

ನಮಸ್ಕಾರ. ಮುಂದಿನ ವಾರ ಕಪ್ಪು ಕಾರು ಬರುತ್ತದೆ, ಶೋರೂಮಿನವರು ಡೆಲಿವರಿಗೆ ಮುಂಚೆಯೇ ಸೆರಾಮಿಕ್ ಕೋಟಿಂಗ್ (ಪೇಂಟಿನ ಮೇಲೆ ಹಚ್ಚಿದರೆ ಒಣಗಿ ತೆಳುವಾದ ಗಟ್ಟಿ ಪದರವಾಗುವ ದ್ರವ) ಹಾಕಿಕೊಡುತ್ತೇವೆ ಅನ್ನುತ್ತಿದ್ದಾರೆ, ಅಲ್ಲೇ ಹಾಕಿಸಲೋ ನಾನೇ ಹಾಕಿಕೊಳ್ಳಲೋ, ಹೊಸ ಕಾರಿಗೂ ಪಾಲಿಶ್ ಬೇಕಾ ಎಂದು ಕೇಳಿದ್ದೀರಿ. ಕಾರಿಗೆ ಅಭಿನಂದನೆ. ಈಗ ಇದನ್ನು ಓದುವುದು ನಿಲ್ಲಿಸಿ ಶೋರೂಮಿಗೆ ಒಂದು ಫೋನ್ ಮಾಡಿ. "ನನ್ನ ಕಾರನ್ನು ತೊಳೆಯಬೇಡಿ, ಒರೆಸಬೇಡಿ, ಪಾಲಿಶ್ ಮಾಡಬೇಡಿ, ಬಾಡಿ ಮೇಲೆ ಅಂಟಿಸಿರುವ ಪ್ಲಾಸ್ಟಿಕ್ ಕೂಡ ಕೀಳಬೇಡಿ, ಧೂಳಿದ್ದರೆ ಧೂಳಿನ ಸಮೇತ ಕೊಡಿ" ಎಂದು ಹೇಳಿ. ಬಾಯಲ್ಲಿ ಹೇಳಿದರೆ ಸಾಲದು, ಮೆಸೇಜಿನಲ್ಲೂ ಬರೆದು ಹಾಕಿ. ಕೆಳಗೆ ಬರೆದಿರುವುದರಲ್ಲಿ ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ.

ನನ್ನ ಮೊದಲ ಕಪ್ಪು ಕಾರಿನ ಡೆಲಿವರಿ ದಿನ ನಾನು ಹೋದಾಗ ಒಬ್ಬ ಹುಡುಗ ಒಣ ಬಟ್ಟೆಯಲ್ಲಿ ಬಾನೆಟ್ ಉಜ್ಜುತ್ತಿದ್ದ. ಪಾಪ, ಹೊಳೆಯಲಿ ಅಂತಲೇ ಉಜ್ಜುತ್ತಿದ್ದ. ನಾನೂ ಖುಷಿಯಿಂದ ನೋಡುತ್ತಾ ನಿಂತಿದ್ದೆ. ರಾತ್ರಿ ಪೆಟ್ರೋಲ್ ಬಂಕಿನ ದೀಪದ ಕೆಳಗೆ ನಿಲ್ಲಿಸಿದಾಗ ಬಾನೆಟ್ ತುಂಬ ಜೇಡರ ಬಲೆ! ಕಾರಿಗೆ ಇನ್ನೂ ಒಂದು ದಿನ ತುಂಬಿರಲಿಲ್ಲ.

ಆ ಜೇಡರ ಬಲೆಗೇ ಸ್ವರ್ಲ್ ಅನ್ನುತ್ತಾರೆ. ಅವು ನಿಜವಾಗಿ ದುಂಡಗಿನ ಗೀರುಗಳಲ್ಲ. ಎಲ್ಲಾ ದಿಕ್ಕಿಗೂ ಹರಡಿರುವ ಸಣ್ಣ ಗೀರುಗಳು. ಬೆಳಕಿಗೆ ಅಡ್ಡವಾಗಿ ಇರುವವು ಮಾತ್ರ ಹೊಳೆಯುವುದರಿಂದ ದೀಪದ ಸುತ್ತ ಬಳೆಯ ಹಾಗೆ ಕಾಣುತ್ತವೆ. ಬಿಳಿ ಕಾರಿನಲ್ಲೂ ಅಷ್ಟೇ ಗೀರು ಇರುತ್ತವೆ, ಕಾಣುವುದಿಲ್ಲ. ಕಪ್ಪು ಬಣ್ಣ ಬಿದ್ದ ಬೆಳಕನ್ನೆಲ್ಲ ನುಂಗಿಬಿಡುತ್ತದೆ, ಹಾಗಾಗಿ ಗೀರಿನಿಂದ ಚದುರಿದ ಬೆಳಕು ಎದ್ದು ಕಾಣುತ್ತದೆ. ನಿಮ್ಮದು ಮೆಟಾಲಿಕ್ ಕಪ್ಪಾಗಿದ್ದರೆ ಅದರೊಳಗಿನ ಮಿನುಗು ಸ್ವಲ್ಪ ಮುಚ್ಚಿಡುತ್ತದೆ. ಮಿನುಗಿಲ್ಲದ ಅಪ್ಪಟ ಕಪ್ಪಾಗಿದ್ದರೆ ದೇವರೇ ಗತಿ.

ಮೇಲಿನ ಕಾಮೆಂಟಿನಲ್ಲಿ ಒಬ್ಬರು "ಹೊಸ ಪೇಂಟ್ ಮೂರು ತಿಂಗಳು ಉಸಿರಾಡಬೇಕು, ಆಮೇಲೆ ಕೋಟಿಂಗ್ ಹಾಕಿ" ಎಂದಿದ್ದಾರೆ. ಫ್ಯಾಕ್ಟರಿ ಪೇಂಟಿಗೆ ಇದು ಬೇಕಿಲ್ಲ. ಅಲ್ಲಿ ಬಾಡಿಯನ್ನು ದೊಡ್ಡ ಓವನ್‌ನಲ್ಲಿ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಾಯಿಸುತ್ತಾರೆ. ಕಾರು ಹೊರಗೆ ಬರುವಾಗಲೇ ಪೇಂಟ್ ಪೂರ್ತಿ ಗಟ್ಟಿಯಾಗಿರುತ್ತದೆ. ಆ ಮಾತು ಹುಟ್ಟಿದ್ದು ಗ್ಯಾರೇಜಿನಲ್ಲಿ ಮತ್ತೆ ಪೇಂಟ್ ಹೊಡೆಸಿದ ಕಾರುಗಳಿಂದ. ಅಲ್ಲಿ ಅಷ್ಟು ಬಿಸಿ ಕೊಡಲು ಆಗುವುದಿಲ್ಲ, ಪೇಂಟಿನೊಳಗಿನ ದ್ರಾವಕ ಆರಲು ವಾರಗಟ್ಟಲೆ ಬೇಕು. ಗುದ್ದಿಸಿಕೊಂಡು ಬಂಪರ್‌ಗೆ ಪೇಂಟ್ ಮಾಡಿಸಿದ್ದರೆ ಮಾತ್ರ ಕಾಯಿರಿ.

ಇನ್ನೊಬ್ಬರು "9ಎಚ್ ಕೋಟಿಂಗ್ ಹಾಕಿದರೆ ಕಲ್ಲು ಬಿದ್ದರೂ ಏನೂ ಆಗಲ್ಲ" ಎಂದಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. 9ಎಚ್ ಅನ್ನುವುದು ಪೆನ್ಸಿಲ್ ಅಳತೆ. ಎಚ್‌ಬಿ, 2ಎಚ್ ಅಂತ ಪೆನ್ಸಿಲ್ ಬರುತ್ತವಲ್ಲ, ಅದೇ ಸಾಲಿನ ಗಟ್ಟಿ ತುದಿ. ಆ ಪೆನ್ಸಿಲ್ಲಿನಿಂದ ಗೀಚಿದರೆ ಗೀರು ಬೀಳಲಿಲ್ಲ ಎಂದಷ್ಟೇ ಅರ್ಥ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರ 10, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ರಸ್ತೆ ಧೂಳಿನಲ್ಲಿರುವ ಮರಳಿನ ಕಣ ಆ ಪಟ್ಟಿಯಲ್ಲಿ 7. ಅದನ್ನು ಬಟ್ಟೆಯಡಿ ಇಟ್ಟು ಉಜ್ಜಿದರೆ ಯಾವ ಕೋಟಿಂಗ್ ಆದರೂ ಗೀರು ಬೀಳುತ್ತದೆ.

ದಪ್ಪದ ಲೆಕ್ಕ ನೋಡಿದರೆ ಇನ್ನೂ ಸ್ಪಷ್ಟ. ಕಾರಿನ ಪೇಂಟ್ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, 35ರಿಂದ 50 ಮೈಕ್ರಾನ್. ತಲೆಕೂದಲಿಗಿಂತ ತೆಳು. ಅದರ ಮೇಲೆ ನಾವು ಹಚ್ಚುವ ಕೋಟಿಂಗ್ ಒಣಗಿದ ಮೇಲೆ 1 ಅಥವಾ 2 ಮೈಕ್ರಾನ್ ಇದ್ದರೆ ಹೆಚ್ಚು. ಇದು ಕಲ್ಲನ್ನು ತಡೆಯುವುದು ಎಲ್ಲಿಂದ ಬಂತು? ಕಲ್ಲು ತಡೆಯಬೇಕು ಅಂದರೆ ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಬೇಕು, ಅದು 150ರಿಂದ 200 ಮೈಕ್ರಾನ್ ದಪ್ಪದ ಫಿಲ್ಮ್. ಹೈವೇ ಓಡಾಟ ಜಾಸ್ತಿ ಇದ್ದರೆ ಮುಂದಿನ ಬಂಪರ್, ಬಾನೆಟ್, ಕನ್ನಡಿಗಳಿಗೆ ಮಾತ್ರ ಫಿಲ್ಮ್ ಅಂಟಿಸಿ ಉಳಿದದ್ದಕ್ಕೆ ಕೋಟಿಂಗ್ ಹಾಕುವುದು ಒಳ್ಳೆಯ ದಾರಿ.

ಹಾಗಾದರೆ ಕೋಟಿಂಗ್ ಯಾಕೆ? ಕೊಳೆ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ನೀರು ಬಿಟ್ಟರೆ ಅರ್ಧ ಧೂಳು ತಾನೇ ಇಳಿದು ಹೋಗುತ್ತದೆ. ಉಜ್ಜುವುದು ಕಮ್ಮಿಯಾದರೆ ಗೀರೂ ಕಮ್ಮಿ. ಬಿಸಿಲಿನಿಂದಲೂ ಹಕ್ಕಿ ಹಿಕ್ಕೆಯಿಂದಲೂ ಸ್ವಲ್ಪ ರಕ್ಷಣೆ ಸಿಗುತ್ತದೆ, ಒಂದಿಷ್ಟು ಹೊಳಪೂ ಬರುತ್ತದೆ. ಆದರೆ ಕಪ್ಪು ಕಾರಿನ ಆ ಕನ್ನಡಿಯಂಥ ಹೊಳಪು ಬರುವುದು ಕೋಟಿಂಗಿನಿಂದಲ್ಲ, ಅದರ ಅಡಿಯ ಪೇಂಟ್ ಎಷ್ಟು ನಯವಾಗಿದೆ ಅನ್ನುವುದರಿಂದ. ಗೀರಿನ ಮೇಲೆ ಕೋಟಿಂಗ್ ಹಾಕಿದರೆ ಗೀರು ಹಾಗೇ ಉಳಿಯುತ್ತದೆ. ಆಮೇಲೆ ತೆಗೆಯಬೇಕಾದರೆ ಕೋಟಿಂಗನ್ನೂ ಕೆರೆಯಬೇಕು.

ಶೋರೂಮಿನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಕಾರನ್ನು ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ ಎಂದು ಕೇಳಿ. ಎರಡು ಗಂಟೆ ಅಂದರೆ ನಯವಾಗಿ ಬೇಡ ಅನ್ನಿ. ಸರಿಯಾದ ತಯಾರಿಗೇ ಒಂದು ದಿನ ಹಿಡಿಯುತ್ತದೆ. ಯಾವ ಕೋಟಿಂಗ್, ಪಾಲಿಶ್ ಯಾರು ಮಾಡುತ್ತಾರೆ, ಪಾಲಿಶ್ ಆದ ಮೇಲೆ ಕೋಟಿಂಗಿಗೆ ಮುಂಚೆ ದೀಪದಡಿ ನೋಡಲು ಬಿಡುತ್ತೀರಾ ಎಂದೂ ಕೇಳಿ. ಮೂರಕ್ಕೂ ನೇರ ಉತ್ತರ ಕೊಡುವವರ ಹತ್ತಿರ ಮಾಡಿಸಿ. ನಿಮಗೆ ನೆರಳಿನ ಜಾಗ, ಒಳ್ಳೆಯ ಲೈಟು, ಎರಡು ದಿನ ಬಿಡುವು ಇದ್ದರೆ ನೀವೇ ಮಾಡಬಹುದು. ಕಷ್ಟದ ಕೆಲಸ ಅಲ್ಲ, ತಾಳ್ಮೆಯ ಕೆಲಸ.

ಮೊದಲು ತೊಳೆಯುವುದು. ಕೈ ಹಚ್ಚುವ ಮುಂಚೆ ನೀರಿನಿಂದ ಧೂಳು ಇಳಿಸಿ. ಫೋಮ್ ಇದ್ದರೆ ಹಚ್ಚಿ ಐದು ನಿಮಿಷ ಬಿಟ್ಟು ಮತ್ತೆ ನೀರು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆಯಿರಿ, ಬರೀ ನೀರಿನಲ್ಲಿ ಜಾಲಾಡಿ, ಮತ್ತೆ ಶಾಂಪೂ. ಮೇಲಿನಿಂದ ಕೆಳಕ್ಕೆ, ಬಾಗಿಲಿನ ಕೆಳಭಾಗ ಕೊನೆಗೆ, ಚಕ್ರಕ್ಕೆ ಬೇರೆಯೇ ಗವಸು. ಪಾತ್ರೆ ತೊಳೆಯುವ ಸ್ಪಂಜು, ಹಳೆ ಬನಿಯನ್ ಹತ್ತಿರಕ್ಕೂ ತರಬೇಡಿ. ಬಟ್ಟೆ ನೆಲಕ್ಕೆ ಬಿತ್ತಾ, ಆ ದಿನಕ್ಕೆ ಅದರ ಕೆಲಸ ಮುಗಿಯಿತು.

ಹೊಸ ಕಾರು ಶುದ್ಧವಾಗಿರುತ್ತದೆ ಅಂದುಕೊಳ್ಳಬೇಡಿ. ಫ್ಯಾಕ್ಟರಿಯಿಂದ ಬರುವ ದಾರಿಯಲ್ಲಿ, ಯಾರ್ಡಿನಲ್ಲಿ ನಿಂತಾಗ, ಬ್ರೇಕು ಮತ್ತು ರೈಲು ಹಳಿಗಳಿಂದ ಏಳುವ ಕಬ್ಬಿಣದ ಸಣ್ಣ ಪುಡಿ ಪೇಂಟಿನಲ್ಲಿ ಕೂತಿರುತ್ತದೆ. ಈ ಪುಡಿಯನ್ನು ಕರಗಿಸುವ ಐರನ್ ರಿಮೂವರ್ ಅನ್ನುವ ದ್ರವ ಸಿಂಪಡಿಸಿದರೆ ಆ ಕಣಗಳಿರುವ ಕಡೆ ನೇರಳೆ ಬಣ್ಣ ಹರಿಯುತ್ತದೆ. ಕಪ್ಪು ಕಾರಿನಲ್ಲಿ ಅಷ್ಟು ಚೆನ್ನಾಗಿ ಕಾಣದು, ನೆಲಕ್ಕೆ ಇಳಿಯುವ ನೀರು ನೋಡಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಬರಿಯಾಗಬೇಡಿ, ಅದರ ಸ್ವಭಾವವೇ ಹಾಗೆ. ಮೂರರಿಂದ ಐದು ನಿಮಿಷ ಬಿಟ್ಟು, ಒಣಗುವ ಮುಂಚೆ ತೊಳೆದುಬಿಡಿ.

ಈಗ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಒದ್ದೆ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ಗೊತ್ತಾಗದ ತರಿ ಆಗ ಗೊತ್ತಾಗುತ್ತದೆ. ತರಿ ಇದ್ದ ಕಡೆ ಮಾತ್ರ ಮೆದು ಕ್ಲೇ ಬಾರ್ (ತರಿಯನ್ನು ಅಂಟಿಸಿಕೊಂಡು ಕೀಳುವ, ಜೇಡಿಮಣ್ಣಿನಂಥ ಮುದ್ದೆ) ಬಳಸಿ, ಶಾಂಪೂ ನೀರು ಧಾರಾಳವಾಗಿರಲಿ. ಕ್ಲೇ ಕಪ್ಪಿನ ಮೇಲೆ ಮಸುಕು ಬಿಡುತ್ತದೆ, ಆದ್ದರಿಂದ ಸುಮ್ನೆ ಇಡೀ ಕಾರಿಗೆ ಎಳೆಯಬೇಡಿ. ಕ್ಲೇ ಹಾಕಿದ ಕಡೆ ಪಾಲಿಶ್ ಬೇಕೇ ಬೇಕು.

ಪಾಲಿಶ್ ಅಂದರೆ ಕ್ಲಿಯರ್ ಕೋಟನ್ನು ಒಂದು ಚೂರು ಸವೆಸಿ ಗೀರು ತೆಗೆಯುವುದು. ಅದು ಬೇಕಾ ಅನ್ನುವುದನ್ನು ನಿಮ್ಮ ಟಾರ್ಚ್ ಹೇಳುತ್ತದೆ. ಕತ್ತಲಲ್ಲಿ ಒಂದೇ ಬಲ್ಬಿನ ಟಾರ್ಚ್ ಹಿಡಿದು ಒಂದೊಂದು ಭಾಗ ನೋಡಿ. ಏನೂ ಕಾಣದಿದ್ದರೆ ಪಾಲಿಶ್ ಬಿಟ್ಟುಬಿಡಿ. ಕಂಡರೆ, ಮೆದು ಫಿನಿಶಿಂಗ್ ಪ್ಯಾಡ್, ಅತಿ ನಯವಾದ ಪಾಲಿಶ್, ಡ್ಯುಯಲ್ ಆಕ್ಷನ್ ಮಷೀನ್ (ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುವಂಥದ್ದು) ಬಳಸಿ. ಒಂದೇ ಕಡೆ ಗಿರಗಿರ ತಿರುಗುವ ರೋಟರಿ ಮಷೀನ್ ಕಪ್ಪು ಕಾರಿಗೆ ಹೊಸಬರು ಹಚ್ಚಬಾರದು. ಬಿಸಿಲಿನಲ್ಲಿ ಉದ್ದುದ್ದ ನೆರಳುಗಳು ಓಡಾಡಿದ ಹಾಗೆ ಕಾಣುವ ಗುರುತು ಬಿಡುತ್ತದೆ. ಮೊದಲು ಬಾನೆಟ್ ಮೇಲೆ ಒಂದೂವರೆ ಅಡಿ ಚೌಕದಲ್ಲಿ ಪ್ರಯೋಗ ಮಾಡಿ. ಉದ್ದಕ್ಕೆ ಅಡ್ಡಕ್ಕೆ ನಾಲ್ಕೈದು ಸಲ ನಿಧಾನವಾಗಿ ಓಡಿಸಿ, ಒರೆಸಿ, ಟಾರ್ಚ್ ಹಿಡಿದು ನೋಡಿ. ಸಾಕು ಅನ್ನಿಸಿದರೆ ಅದೇ ಕ್ರಮ ಇಡೀ ಕಾರಿಗೆ. ಪ್ರತಿ ಭಾಗ ಆದ ಮೇಲೆ ಪ್ಯಾಡ್ ಉಜ್ಜಿ ಶುಚಿ ಮಾಡಿ. ಉಗುರಿಗೆ ಸಿಗುವ ಗೀರನ್ನು ಬೆನ್ನಟ್ಟಬೇಡಿ, ಕ್ಲಿಯರ್ ಕೋಟ್ ನಿಮ್ಮ ಉಳಿತಾಯ ಖಾತೆ ಇದ್ದ ಹಾಗೆ, ತೆಗೆದದ್ದು ಮತ್ತೆ ಬರುವುದಿಲ್ಲ. ಅಂಚುಗಳಲ್ಲಿ ಪೇಂಟ್ ತೆಳು, ಅಲ್ಲಿ ಟೇಪ್ ಹಾಕಿ. ಬಾಗಿಲ ಕಂಬದ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಇದೆಯಲ್ಲ, ಅದು ಪೇಂಟಿಗಿಂತಲೂ ಮೆದು, ಅಲ್ಲಿಗೆ ಮಷೀನ್ ತರಬೇಡಿ.

ಪಾಲಿಶಿನಲ್ಲಿ ಎಣ್ಣೆ ಇರುತ್ತದೆ. ಅದು ಗೀರು ತುಂಬಿಕೊಂಡು ಚೆನ್ನಾಗಿದೆ ಅನ್ನಿಸುತ್ತದೆ, ಕೋಟಿಂಗ್ ಪೇಂಟಿಗೆ ಕೂರದ ಹಾಗೂ ಮಾಡುತ್ತದೆ. ಪ್ಯಾನೆಲ್ ವೈಪ್ (ಎಣ್ಣೆ ತೆಗೆಯಲೆಂದೇ ಸಿಗುವ ದ್ರವ) ಅಥವಾ ನೀರಿನಲ್ಲಿ 10-15 ಶೇಕಡಾಗೆ ತೆಳು ಮಾಡಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ತೆಗೆಯಿರಿ. ಬಟ್ಟೆ ಚೆನ್ನಾಗಿ ಒದ್ದೆಯಾಗಿರಲಿ, ಒತ್ತಬೇಡಿ. ಇಲ್ಲಿ ಗೀರು ಹಾಕಿಕೊಂಡು ಅತ್ತವರನ್ನು ನೋಡಿದ್ದೇನೆ.

ಈಗ ಬಾಟಲಿ ತೆರೆಯಬಹುದು. ನೆರಳು ಇರಬೇಕು, ಬಾಡಿ ತಣ್ಣಗಿರಬೇಕು, 15ರಿಂದ 25 ಡಿಗ್ರಿ ಇದ್ದರೆ ಒಳ್ಳೆಯದು, ಗಾಳಿಯಾಡಬೇಕು. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್. ಎರಡಡಿ ಚೌಕ ಮಾತ್ರ ಒಂದು ಸಲಕ್ಕೆ. ಅಪ್ಲಿಕೇಟರ್ (ಕೋಟಿಂಗ್ ಹಚ್ಚುವ ಮೆದು ತುಂಡು) ಮೇಲೆ ಕೆಲವು ಹನಿ ಹಾಕಿ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹಚ್ಚಿ. ಸ್ವಲ್ಪ ಹೊತ್ತಿಗೆ ಎಣ್ಣೆ ಬಿದ್ದ ನೀರಿನ ಹಾಗೆ ಕಾಮನಬಿಲ್ಲು ಮೂಡುತ್ತದೆ. ಒರೆಸಲು ಅದೇ ಸಮಯ. ಎಷ್ಟು ಹೊತ್ತು ಅನ್ನುವುದು ಬಾಟಲಿಯ ಮೇಲಿದ್ದರೂ ಸೆಕೆ, ತೇವ ಜಾಸ್ತಿ ಇದ್ದರೆ ಬೇಗ ಬರುತ್ತದೆ, ಕಣ್ಣನ್ನೇ ನಂಬಿ. ಒಂದು ಬಟ್ಟೆಯಿಂದ ಸಮ ಮಾಡಿ, ಎರಡನೇ ಒಣ ಬಟ್ಟೆಯಿಂದ ಮತ್ತೊಮ್ಮೆ. ಈ ಕಾಮನಬಿಲ್ಲು ಕಪ್ಪಿನ ಮೇಲೆ ಸ್ಪಷ್ಟವಾಗಿ ಕಾಣುತ್ತದೆ, ಬಿಳಿ ಕಾರಿನವರು ಇದನ್ನು ಹುಡುಕುವುದರಲ್ಲೇ ಸೋಲುತ್ತಾರೆ. ಕಪ್ಪು ಬಣ್ಣ ನಮಗೆ ಮಾಡುವ ಒಂದೇ ಉಪಕಾರ ಇದು.

ಒರೆಸಿ ಮುಂದಿನ ಚೌಕಕ್ಕೆ ಹೋಗುವ ಮುಂಚೆ ಲೈಟನ್ನು ಓರೆಯಾಗಿ ಹಿಡಿದು ನೋಡಿ. ಎಲ್ಲಾದರೂ ದಪ್ಪ ಉಳಿದಿದ್ದರೆ ಎಣ್ಣೆ ಕಲೆಯ ಹಾಗೆ ಕಪ್ಪಗೆ ಕಾಣುತ್ತದೆ. ಆಗಲೇ ಕಂಡರೆ ಅದೇ ಜಾಗಕ್ಕೆ ಒಂದೆರಡು ಹನಿ ಮತ್ತೆ ಹಚ್ಚಿ ಒರೆಸಿದರೆ ಹೋಗುತ್ತದೆ. ನಾನು ಮೊದಲ ಸಲ ಡ್ರೈವರ್ ಬಾಗಿಲಿನ ಹಿಡಿಯ ಕೆಳಗೆ ಒಂದು ಅಂಗೈಯಗಲ ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಕಂಡಿತು. ಆಗ ಅದು ಗಾಜು, ಪಾಲಿಶ್ ಮಾಡಿ ಆ ಇಡೀ ಭಾಗ ಮತ್ತೆ ಹಾಕಬೇಕಾಯಿತು. ಬಳಸಿದ ಬಟ್ಟೆಗಳನ್ನು ತೊಳೆದು ಇಟ್ಟುಕೊಳ್ಳಬೇಡಿ, ಒಣಗಿದ ಕೋಟಿಂಗ್ ಅದರಲ್ಲಿ ಮರಳಿನ ಕಾಗದದಂತಾಗುತ್ತದೆ. 12ರಿಂದ 24 ಗಂಟೆ ಒಂದು ಹನಿ ನೀರೂ ಬೀಳಬಾರದು. ಒಂದು ವಾರ ಶಾಂಪೂ ಬೇಡ.

ಆಮೇಲಿನ ದಿನಗಳ ಬಗ್ಗೆ. ಕೋಟಿಂಗ್ ಹಾಕಿದ ಕಪ್ಪು ಕಾರಿನ ದೊಡ್ಡ ಶತ್ರು ಗಡಸು ನೀರು. ನೀರು ಮುತ್ತಿನಂತೆ ನಿಲ್ಲುವುದು ನೋಡಲು ಚಂದ, ಆದರೆ ಬಿಸಿಲಿಗೆ ಆ ಮುತ್ತು ಒಣಗಿದಾಗ ಅದರಲ್ಲಿದ್ದ ಸುಣ್ಣದಂಶ ಅಲ್ಲೇ ಬಿಳಿ ಉಂಗುರವಾಗಿ ಕೂರುತ್ತದೆ. ಬಿಸಿಲಲ್ಲಿ ತೊಳೆಯಬೇಡಿ, ತೊಳೆದ ತಕ್ಷಣ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ನೀರು ಹೀರಿಸಿ. ಬ್ಲೋವರ್ ಇದ್ದರೆ ಇನ್ನೂ ಒಳ್ಳೆಯದು, ಏನೂ ತಾಗುವುದಿಲ್ಲ. ಕಲೆ ಹೊಸದಾಗಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಒಂದು ನಿಮಿಷ ಹಚ್ಚಿ ತೊಳೆದರೆ ಹೋಗುತ್ತದೆ.

ಹಕ್ಕಿ ಹಿಕ್ಕೆ ಬಿದ್ದ ದಿನವೇ ತೆಗೆಯಿರಿ. ಬಿಸಿಲಿಗೆ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ, ಹಿಕ್ಕೆ ಒಣಗಿ ಕುಗ್ಗುವಾಗ ಅದನ್ನೂ ಎಳೆದು ಗುರುತು ಬಿಡುತ್ತದೆ. ಉಜ್ಜಬೇಡಿ. ಒದ್ದೆ ಬಟ್ಟೆ ಮೇಲಿಟ್ಟು ಐದು ನಿಮಿಷ ಬಿಟ್ಟು ಎತ್ತಿ. ನಾಲ್ಕೈದು ತಿಂಗಳಲ್ಲಿ ನೀರು ಮುತ್ತಾಗುವುದು ನಿಂತರೆ ಕೋಟಿಂಗ್ ಸತ್ತಿತು ಅಂದುಕೊಳ್ಳಬೇಡಿ, ಬಹಳ ಸಲ ಮೇಲೆ ಕೊಳೆ ಕೂತಿರುತ್ತದೆ ಅಷ್ಟೇ. ಒಂದು ಸಲ ಐರನ್ ರಿಮೂವರ್ ಹಾಕಿ ತೊಳೆದು ನೋಡಿ.

ಮತ್ತೆ ಆ ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಹೊಡೆಯುವ ಅಭ್ಯಾಸ ಇದೆಯಲ್ಲ, ಅದು ಬೇಡ. ತೊಳೆಯುವವರೆಗೂ ಧೂಳು ಹಾಗೇ ಇರಲಿ, ಧೂಳು ಸುಮ್ನೆ ಕೂತಿದ್ದರೆ ಏನೂ ಮಾಡದು. ಧೂಳಿನ ಕಾರಿನ ಮೇಲೆ ಕವರ್ ಹಾಕುವುದೂ ಅದೇ ಕತೆ, ಗಾಳಿಗೆ ಕವರ್ ರಾತ್ರಿಯಿಡೀ ಉಜ್ಜುತ್ತಿರುತ್ತದೆ. ಬ್ರಶ್ ತಿರುಗುವ ವಾಶಿಂಗ್ ಮಷೀನಿನೊಳಗೆ ಕಾರನ್ನು ಬಿಡುವುದಂತೂ ಬೇಡವೇ ಬೇಡ.

ಕಾರು ಬಂದ ರಾತ್ರಿ ಟಾರ್ಚ್ ಹಿಡಿದು ಬಾನೆಟ್ ಮತ್ತು ಎರಡು ಬಾಗಿಲಿನ ಫೋಟೋ ತೆಗೆದು ಇಲ್ಲಿ ಹಾಕಿ. ತೊಳೆದ ಮೇಲೆ ತೆಗೆದರೆ ಸಾಕು. ಪಾಲಿಶ್ ಬೇಕಾ, ಬೇಕಾದರೆ ಯಾವ ಪ್ಯಾಡಿನಿಂದ ಶುರು ಮಾಡಬೇಕು ಎಂದು ನೋಡಿ ಹೇಳುತ್ತೇನೆ. ಶೋರೂಮಿಗೆ ಫೋನ್ ಮಾಡಿದಿರಾ?