ಅಭಿಮಾನಿಗಳು ಕಟ್ಟುವ ಗೇಮ್‌ಗೆ ಕೃತಿಸ್ವಾಮ್ಯದ ತೊಡಕು ಬಾರದಂತೆ ನೋಡಿಕೊಳ್ಳುವುದು ಹೇಗೆ?

ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಓದುತ್ತಿರುವ ನೀವು ನಾಲ್ವರು ಗೆಳೆಯರು, ಜಪಾನಿನ ಪ್ರಸಿದ್ಧ ಗೇಮೊಂದರ ನಾಯಕನನ್ನು ನಂದಿಬೆಟ್ಟ, ಸ್ಕಂದಗಿರಿ, ಗುಡಿಬಂಡೆ ಕೋಟೆಗಳ ಮೇಲೆ ಓಡಿಸುವ ಗೇಮ್ ಕಟ್ಟುತ್ತಿರುವುದಾಗಿ ಬರೆದಿದ್ದೀರಿ. ಹಣ ಪಡೆಯದೆ ಹಂಚಿದರೆ ಮತ್ತು ಮೂಲ ಕಂಪನಿಯ ಹೆಸರನ್ನು ಮೊದಲ ಪರದೆಯಲ್ಲೇ ತೋರಿಸಿದರೆ ಕೃತಿಸ್ವಾಮ್ಯದ ತೊಂದರೆ ತಪ್ಪುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ತುಮಕೂರಿನಲ್ಲಿದ್ದುಕೊಂಡು ಗೇಮ್‌ಗಳಿಗೆ ಕೋಡ್ ಬರೆಯುವುದು ನನ್ನ ಕೆಲಸ, ನಾನು ವಕೀಲನಲ್ಲ. ಆದರೂ ಇಷ್ಟನ್ನು ಖಚಿತವಾಗಿ ಹೇಳಬಲ್ಲೆ: ಆ ಎರಡರಿಂದಲೂ ತೊಂದರೆ ತಪ್ಪುವುದಿಲ್ಲ. ಎರವಲು ತಂದದ್ದನ್ನೆಲ್ಲ ನಾಳೆ ಕಳಚಿ ತೆಗೆದರೂ ಉಳಿದದ್ದು ಆಡುವಂತಿರಬೇಕು, ಮತ್ತು ಗೇಮನ್ನು ಮೊದಲಿನಿಂದಲೇ ಹಾಗೆ ಕಟ್ಟುವುದೊಂದೇ ನಾನು ನಂಬುವ ದಾರಿ.

1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ, ತಿಳಿದೂ ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ, ನ್ಯಾಯಾಲಯವು ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆದು ಇದಕ್ಕಿಂತ ಕಡಿಮೆ ಶಿಕ್ಷೆ ವಿಧಿಸಬಹುದು. ಅಂದರೆ, ಉಚಿತವಾಗಿ ಹಂಚಿದ್ದು ಶಿಕ್ಷೆಯನ್ನು ತಗ್ಗಿಸೀತೇ ಹೊರತು ಉಲ್ಲಂಘನೆಯನ್ನು ಅಳಿಸದು. ಹೆಸರು ಹಾಕುವುದಂತೂ ತೆಂಗಿನ ತೋಟದ ಬೇಲಿ ಹಾರುವ ಮುನ್ನ ಒಡೆಯನ ಮನೆಯ ಕಡೆಗೆ ಕೈಮುಗಿದಂತೆ; ಅನುಮತಿ ಕೇಳಿದಂತಾಗಲಿಲ್ಲ. ‘ಫೇರ್ ಯೂಸ್’ (ಅನುಮತಿಯಿಲ್ಲದೆಯೂ ನ್ಯಾಯೋಚಿತವಾಗಿ ಬಳಸಬಹುದೆಂಬ ವಿನಾಯಿತಿ) ಕುರಿತು ಅಮೆರಿಕದವರು ಹೇಳುವುದನ್ನು ಇಲ್ಲಿ ನೆಚ್ಚಬೇಡಿ. ನಮ್ಮ 52ನೇ ಸೆಕ್ಷನ್ ಅಂಥ ವಿನಾಯಿತಿಯನ್ನು ಖಾಸಗಿ ಉಪಯೋಗ, ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಎಂಬ ಉದ್ದೇಶಗಳಿಗೆ ಮಿತಗೊಳಿಸಿದೆ. ನೀವು ನಾಲ್ವರೇ ಆಡಿಕೊಳ್ಳುವುದು ಒಂದು, ಊರಿಗೆಲ್ಲ ಡೌನ್‌ಲೋಡಿಗೆ ಇಡುವುದು ಇನ್ನೊಂದು. ಕಂಪನಿ ದೂರದ ಜಪಾನಿನಲ್ಲಿದೆ ಎಂಬ ಧೈರ್ಯವೂ ಬೇಡ. ದೇಶಗಳು ಪರಸ್ಪರರ ಕೃತಿಗಳನ್ನು ರಕ್ಷಿಸುವ ಬರ್ನ್ ಒಪ್ಪಂದದ ಕಾರಣ ಅಲ್ಲಿಯ ಕೃತಿಗಳಿಗೆ ಇಲ್ಲಿಯೂ ರಕ್ಷಣೆಯಿದೆ.

ಜೈಲಿನ ಮಾತನ್ನು ಹೆದರಿಸಲೆಂದು ಎತ್ತಲಿಲ್ಲ. ಅಭಿಮಾನಿ ಗೇಮ್‌ಗಳಿಗೆ ಸಾಮಾನ್ಯವಾಗಿ ಮೊದಲು ಬರುವುದು ತೆಗೆದುಹಾಕಬೇಕೆಂಬ ನೋಟಿಸು, ಅದೂ ಗೇಮ್ ನಾಲ್ಕು ಜನರ ಕಣ್ಣಿಗೆ ಬಿದ್ದ ಮೇಲೆ. ‘ಪೋಕೆಮಾನ್ ಯುರೇನಿಯಂ’ ಎಂಬ ಅಭಿಮಾನಿ ಗೇಮ್ ಸುಮಾರು 9 ವರ್ಷಗಳ ದುಡಿಮೆಯ ನಂತರ 2016ರ ಆಗಸ್ಟಿನಲ್ಲಿ ಬಿಡುಗಡೆಯಾಗಿ, 15 ಲಕ್ಷಕ್ಕೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿ, ಪೋಕೆಮಾನ್ ಹಕ್ಕುಗಳಲ್ಲಿ ಪಾಲಿರುವ ನಿಂಟೆಂಡೊ ಕಂಪನಿಯ ಪರ ವಕೀಲರ ನೋಟಿಸುಗಳು ಬಂದ ಮೇಲೆ ಅದೇ ತಿಂಗಳು ತಯಾರಕರಿಂದಲೇ ಹಿಂದಕ್ಕೆ ಸರಿಯಿತು. ನಿಂಟೆಂಡೊದ್ದೇ ಆದ ಮೆಟ್ರಾಯ್ಡ್ ಸರಣಿಯ ಎರಡನೆಯ ಗೇಮನ್ನು ಹೊಸದಾಗಿ ಕಟ್ಟಿದ್ದ ‘ಎಎಂ2ಆರ್’ ಗತಿಯೂ ಆ ತಿಂಗಳಿನಲ್ಲೇ ಹಾಗಾಯಿತು. ಎರಡೂ ಉಚಿತವಾಗಿದ್ದವು. ಇವುಗಳ ಪಕ್ಕದಲ್ಲಿ ‘ಫ್ರೀಡಂ ಪ್ಲಾನೆಟ್’ ಅನ್ನು ಇಟ್ಟು ನೋಡಿ. ಸೇಗಾ ಕಂಪನಿಯ ಸೋನಿಕ್ ಗೇಮ್‌ಗಳ ಮೇಲಿನ ಪ್ರೀತಿಯಿಂದ ಅಭಿಮಾನಿ ಗೇಮ್ ಆಗಿಯೇ ಮೊದಲಾದ ಅದು, ತಯಾರಿಯ ನಡುವೆ ಎರವಲು ಪಾತ್ರಗಳನ್ನು ಬಿಟ್ಟು ಸ್ವಂತ ಪಾತ್ರಗಳನ್ನು ಕೂರಿಸಿಕೊಂಡು, 2014ರಲ್ಲಿ ಸ್ವತಂತ್ರ ಗೇಮ್ ಆಗಿ ಮಾರಾಟಕ್ಕೆ ಬಂತು. ಸೇಗಾ ಕಂಪನಿ ಅಭಿಮಾನಿ ಪ್ರೋಗ್ರಾಮರನ್ನೇ ಕರೆದು 2017ರ ‘ಸೋನಿಕ್ ಮೇನಿಯಾ’ ಮಾಡಿಸಿದ್ದೂ ಉಂಟು, ಆದರೆ ಅಂಥ ಔದಾರ್ಯವನ್ನು ನೆಚ್ಚಿಕೊಂಡು ಯಾರೂ ಯೋಜನೆ ಹಾಕಲಾರರು.

ಯಾವುದನ್ನು ನಿರ್ಭಯವಾಗಿ ಕಲಿತು ಬಳಸಬಹುದು? ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದು ತಾಳಿದ ರೂಪಕ್ಕಿದೆ ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಎರಡು ಬಾರಿ ಜಿಗಿಯುವುದು, ಓಡಿ ನಾಣ್ಯ ಹೆಕ್ಕುವುದು, ಶತ್ರುವಿನ ತಲೆಯ ಮೇಲೆ ಹಾರುವುದು ಯಾರ ಸ್ವತ್ತೂ ಅಲ್ಲ. ಹಾಗೆಂದು ನೋಟವನ್ನೂ ಯಥಾವತ್ತಾಗಿ ಇಳಿಸಬಾರದು: ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಗೇಮಿನ ನಿಯಮಗಳನ್ನಷ್ಟೇ ತೆಗೆದುಕೊಂಡೆವೆಂದು ವಾದಿಸಿದ ಕ್ಸಿಯೊ ಎಂಬ ಸಂಸ್ಥೆ 2012ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸೋತದ್ದು, ತುಂಡುಗಳ ಆಕಾರ ಮತ್ತು ಬಣ್ಣದ ಶೈಲಿಯಿಂದ ಹಿಡಿದು ಅಂಕಣದ ಅಳತೆಯವರೆಗೆ ಎಲ್ಲವೂ ಮೂಲದಂತೆಯೇ ಇದ್ದ ಕಾರಣಕ್ಕೆ. ಮೂಲ ಗೇಮಿನಿಂದ ಕಿತ್ತ ಸ್ಪ್ರೈಟ್ (ಪಾತ್ರ, ವಸ್ತುಗಳ ಚಿತ್ರತುಣುಕು), ಶಬ್ದ, ನಕ್ಷೆಗಳನ್ನು ಇಂದೇ ಕೈಬಿಡಿ. ಗೇಮಿನ ಹೆಸರು ಮತ್ತು ಲಾಂಛನ ಟ್ರೇಡ್‌ಮಾರ್ಕ್ ಕಾಯ್ದೆಗೂ ಒಳಪಡುವುದರಿಂದ ಶೀರ್ಷಿಕೆಯಲ್ಲಿ ಅವು ಬೇಡವೇ ಬೇಡ. ನಾಯಕನ ಚಿತ್ರ, ಹೆಸರು, ಸಂಭಾಷಣೆಗಳನ್ನು ಕೋಡಿನೊಳಗೆ ಹುದುಗಿಸದೆ ಪ್ರತ್ಯೇಕ ಫೋಲ್ಡರಿನಲ್ಲಿಟ್ಟರೆ, ಒಂದು ಸಂಜೆಯಲ್ಲಿ ಅವನ ಜಾಗಕ್ಕೆ ನಿಮ್ಮದೇ ಪಾತ್ರವನ್ನು ತರಬಹುದು. ಆ ಪಾತ್ರವನ್ನು ಈಗಲೇ ಬಿಡಿಸಿಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಊರಿನ ಸರಕು ಎಂದ ಮಾತ್ರಕ್ಕೆ ಎಲ್ಲವೂ ಮುಕ್ತವೆಂದು ತಿಳಿಯಬೇಡಿ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಸಾವಿರ ವರ್ಷ ದಾಟಿದ ಭೋಗನಂದೀಶ್ವರ ದೇಗುಲಕ್ಕೆ ಕೃತಿಸ್ವಾಮ್ಯವಿಲ್ಲ, ಆದರೆ ಅಂತರ್ಜಾಲದಿಂದ ಇಳಿಸಿದ ಅದರ ಫೋಟೋ ತೆಗೆದವರ ಸ್ವತ್ತು. ನಂದಿ ಗ್ರಾಮ ನಿಮಗೆ ಹತ್ತಿರವೇ ಇದೆ, ಹೋಗಿ ಕೂತು ನೀವೇ ಚಿತ್ರಿಸಿಕೊಳ್ಳಿ. ಕೈವಾರ ತಾತಯ್ಯನವರ ತತ್ತ್ವಪದಗಳನ್ನು ನಿಮ್ಮ ಗೆಳತಿ ಹಾಡಿದರೆ ಅಡ್ಡಿಯಿಲ್ಲ. ಮಾರುಕಟ್ಟೆಯಲ್ಲಿರುವ ಧ್ವನಿಮುದ್ರಣಕ್ಕೆ ಮಾತ್ರ, ಪ್ರಕಟವಾದಂದಿನಿಂದ 60 ವರ್ಷಗಳ ಪ್ರತ್ಯೇಕ ಹಕ್ಕಿರುತ್ತದೆ. ಹಂತ ಮುಗಿದಾಗ ಕಗ್ಗದ ಪದ್ಯವೊಂದನ್ನು ತೋರಿಸುವ ಆಲೋಚನೆ ಚೆನ್ನಾಗಿದೆ. ಆದರೆ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಲೇಖಕರ ಮರಣಾನಂತರದ 60 ವರ್ಷಗಳ ಲೆಕ್ಕದಲ್ಲಿ ಅವರ ಬರಹದ ಹಕ್ಕು 2035ರ ಕೊನೆಯವರೆಗೆ ಇರುತ್ತದೆ. ಸಿನಿಮಾ ಹಿನ್ನೆಲೆ ಸಂಗೀತದ ಬಗ್ಗೆ ಹೇಳಲೇಬೇಕಿಲ್ಲ. ಕನ್ನಡ ಅಕ್ಷರಗಳಿಗೆ ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟ್ ಸಾಕು. ಎರಡೂ ಮುಕ್ತ ಫಾಂಟ್ ಲೈಸೆನ್ಸಿನಲ್ಲಿವೆ, ಗೇಮಿನೊಳಗೆ ಸೇರಿಸಬಹುದು. ಚಿತ್ರಗಳಿಗೆ, ಷರತ್ತಿನ ಮೇಲೆ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇದೆಯೆಂದು ಹಿಗ್ಗುವ ಮುನ್ನ ಅದರ ಬಾಲದ ಅಕ್ಷರಗಳನ್ನು ಓದಿ: ‘ಎನ್‌ಸಿ’ ಇದ್ದರೆ ವಾಣಿಜ್ಯ ಬಳಕೆ ಕೂಡದು, ‘ಎನ್‌ಡಿ’ ಇದ್ದರೆ ಬದಲಾಯಿಸಿ ಹಂಚುವಂತಿಲ್ಲ.

ನಿಮ್ಮ ನಾಲ್ವರ ನಡುವೆಯೂ ಒಂದು ಕಾಗದ ಆಗಲಿ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕೆನ್ನುತ್ತದೆ 19ನೇ ಸೆಕ್ಷನ್. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅದು ಊಹಿಸಿಕೊಳ್ಳುತ್ತದೆ. ಸಂಗೀತ ಮಾಡಿದ ಗೆಳೆಯ ಮುನಿಸಿಕೊಂಡು ಹೊರಟರೆ ಆಗ ಇದರ ಬೆಲೆ ತಿಳಿಯುತ್ತದೆ. ಪ್ರತಿಯೊಂದು ಚಿತ್ರ, ಶಬ್ದ, ಫಾಂಟ್ ಎಲ್ಲಿಂದ ಬಂತು, ಯಾವ ಲೈಸೆನ್ಸಿನಲ್ಲಿ, ಯಾವ ದಿನಾಂಕದಂದು ಇಳಿಸಿಕೊಂಡದ್ದು ಎಂಬುದನ್ನು ಒಂದೇ ಕಡತದಲ್ಲಿ ಬರೆದಿಡಿ. ಎರವಲು ಪಾತ್ರ ಇರುವವರೆಗೆ ಯುಪಿಐ ಕ್ಯೂಆರ್ ಕೋಡ್ ಹಾಕಿ ದೇಣಿಗೆ ಕೇಳಬೇಡಿ.

ಅಷ್ಟಾದರೂ ದೂರು ಬಂದಿತೆನ್ನಿ. 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ, ಗೇಮನ್ನು ಇಟ್ಟುಕೊಂಡಿರುವ ತಾಣವು ದೂರು ಸರಿಯೆಂದು ಕಂಡರೆ 36 ಗಂಟೆಗಳೊಳಗೆ ಅದನ್ನು ತಡೆಯಬೇಕು, ಮತ್ತು 21 ದಿನಗಳೊಳಗೆ ದೂರುದಾರರು ನ್ಯಾಯಾಲಯದ ಆದೇಶ ತರದಿದ್ದರೆ ತಡೆ ತೆರವು ಮಾಡಬಹುದು. ಆ 21 ದಿನ ವಾದಕ್ಕಿಳಿಯಬೇಡಿ. ನಾಯಕನ ಫೋಲ್ಡರನ್ನು ಬದಲಿಸಿ, ಗೇಮಿಗೆ ಹೊಸ ಹೆಸರಿಟ್ಟು, ನಿಮ್ಮ ಸ್ವಂತ ಪಾತ್ರವಿರುವ ಆವೃತ್ತಿಯನ್ನು ಏರಿಸಿ.