ಓದುಗರ ಪ್ರಶ್ನೆ: ಷೇಕ್ಸ್‌ಪಿಯರನಲ್ಲಿ ಸುಲಭ ಪದಗಳೇ ಕಠಿಣ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಷೇಕ್ಸ್‌ಪಿಯರ್ ಮತ್ತು ಅವನ ಕಾಲದ ನಾಟಕಗಳ ಇಂಗ್ಲಿಷನ್ನು ಕುರಿತವು. ಹಲವರು ಅದನ್ನು 'ಹಳೆಯ ಇಂಗ್ಲಿಷ್' ಎಂದು ಕರೆದಿದ್ದಾರೆ. ಪಂಡಿತರ ಲೆಕ್ಕದಲ್ಲಿ ಆ ಹೆಸರು ಅದಕ್ಕಿಂತ ಐನೂರು ವರ್ಷ ಹಿಂದಿನ ಭಾಷೆಗೆ ಸಲ್ಲುತ್ತದೆ. 1500ರಿಂದ 1700ರವರೆಗಿನದು ಆಧುನಿಕ ಇಂಗ್ಲಿಷಿನ ಮೊದಲ ಘಟ್ಟ. ಅದು ಓದಿದರೆ ತಿಳಿಯುವಷ್ಟು ಹತ್ತಿರದ್ದು, ತಪ್ಪು ತಿಳಿಯುವಷ್ಟೂ ಹತ್ತಿರದ್ದು.

ಕಾಲೇಜಿನ ವಾರ್ಷಿಕೋತ್ಸವಕ್ಕೆ 'ರೋಮಿಯೋ ಮತ್ತು ಜೂಲಿಯೆಟ್' ನಾಟಕದ ಒಂದು ದೃಶ್ಯ ಆಡುತ್ತಿದ್ದೇವೆ. 'ವೇರ್‌ಫೋರ್ ಆರ್ಟ್ ದೌ ರೋಮಿಯೋ' ಎನ್ನುವಾಗ ಹಣೆಗೆ ಕೈ ಅಡ್ಡ ಹಿಡಿದು ಕತ್ತಲಲ್ಲಿ ರೋಮಿಯೋನನ್ನು ಹುಡುಕಬೇಕೆಂದು ನಮಗೆ ಹೇಳಿಕೊಡುವವರು ಹೇಳುತ್ತಾರೆ. ನನಗೇಕೋ ಅದು ಸರಿಯೆನಿಸುತ್ತಿಲ್ಲ. — ಬಿ.ಎ. ವಿದ್ಯಾರ್ಥಿನಿ, ಬಾಗಲಕೋಟೆ

ನಿಮ್ಮ ಸಂಶಯ ಸರಿಯಾಗಿಯೇ ಇದೆ, ಕೈ ಇಳಿಸಿಬಿಡಿ. 'ವೇರ್‌ಫೋರ್' ಎಂದರೆ 'ಎಲ್ಲಿ' ಎಂದಲ್ಲ, 'ಯಾತಕ್ಕಾಗಿ' ಎಂದು. ನಮ್ಮಲ್ಲಿ 'ಅದಕ್ಕೆ' ಎಂಬುದಕ್ಕೆ 'ಯಾತಕ್ಕೆ' ಜೋಡಿಯಾಗಿರುವಂತೆ ಅಲ್ಲಿ 'ದೇರ್‌ಫೋರ್' ಎಂಬುದಕ್ಕೆ 'ವೇರ್‌ಫೋರ್' ಜೋಡಿ. ಮೊದಲನೆಯದು ಇನ್ನೂ ಬಳಕೆಯಲ್ಲಿದೆ, ಎರಡನೆಯದು ಬಿದ್ದುಹೋಗಿದೆ. ರೋಮಿಯೋ ಕೆಳಗೆ ತೋಟದಲ್ಲಿ ನಿಂತು ತನ್ನ ಮಾತು ಕೇಳುತ್ತಿದ್ದಾನೆಂಬುದೇ ಜೂಲಿಯೆಟ್‌ಗೆ ತಿಳಿಯದು, ಹಾಗಿರುವಾಗ ಅವಳು ಹುಡುಕುವುದಾದರೂ ಯಾರನ್ನು? 'ಊರಲ್ಲಿ ಇಷ್ಟು ಜನರಿರುವಾಗ ನೀನು ಆ ಹಗೆಯ ಮನೆತನದ ರೋಮಿಯೋನೇ ಏಕಾಗಬೇಕಿತ್ತು' ಎಂಬುದು ಅವಳ ಸಂಕಟ. ಮರುಸಾಲಿನಲ್ಲಿಯೇ ಅವಳು 'ತಂದೆಯನ್ನು ಅಲ್ಲಗಳೆ, ಹೆಸರನ್ನು ಬಿಟ್ಟುಬಿಡು' ಎನ್ನುತ್ತಾಳೆ. ಇನ್ನೊಂದು ಮಾತು: ಆ ನಾಟಕದ ಪಠ್ಯದಲ್ಲಿ 'ಬಾಲ್ಕನಿ' ಎಂಬ ಪದ ಎಲ್ಲಿಯೂ ಇಲ್ಲ, ಇರುವುದು ಕಿಟಕಿ. ರಂಗದ ಮೇಲೆ ಮಂಚ ಪೇರಿಸಿ ಬಾಲ್ಕನಿ ಕಟ್ಟುವ ಖರ್ಚೂ ನಿಮಗೆ ಉಳಿಯಿತು.

ಒಂದೇ ದೃಶ್ಯದಲ್ಲಿ ಒಬ್ಬರೇ ವ್ಯಕ್ತಿಯನ್ನು ಒಮ್ಮೆ 'ದೌ' ಎಂದೂ ಒಮ್ಮೆ 'ಯೂ' ಎಂದೂ ಕರೆಯುವುದು ಛಂದಸ್ಸಿನ ಅನುಕೂಲಕ್ಕಾಗಿಯೇ? 'ದೌ' ಎಂಬುದು ಗೌರವದ ರೂಪವೆಂದು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. — ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಬೆಳಗಾವಿ

ಛಂದಸ್ಸಿಗಾಗಿ ಅಲ್ಲ, ಮೂವತ್ತು ವರ್ಷದ ಪಾಠಕ್ಕೆ ಎದುರಾಡುತ್ತಿರುವುದಕ್ಕೆ ಕ್ಷಮೆಯಿರಲಿ ಗುರುಗಳೇ, ಗೌರವಕ್ಕಾಗಿಯೂ ಅಲ್ಲ. 'ದೌ' ನಮ್ಮ 'ನೀನು', 'ಯೂ' ನಮ್ಮ 'ನೀವು'. ಮೊದಮೊದಲು ಇದು ಬರಿಯ ಏಕವಚನ ಬಹುವಚನಗಳ ಭೇದವಾಗಿತ್ತು. ಆಮೇಲೆ ಫ್ರೆಂಚ್ ರೂಢಿಯ ಪ್ರಭಾವದಿಂದ ದೊಡ್ಡವರು ಒಬ್ಬರೇ ಇದ್ದರೂ ಅವರನ್ನು ಬಹುವಚನದಲ್ಲಿ ಕರೆಯುವ ಪದ್ಧತಿ ಇಂಗ್ಲಿಷಿಗೂ ಬಂದಿತು. ಷೇಕ್ಸ್‌ಪಿಯರನ (1564–1616) ಕಾಲಕ್ಕೆ ಯಜಮಾನನು ಆಳನ್ನು, ಹಿರಿಯರು ಮಕ್ಕಳನ್ನು, ಪ್ರೇಮಿಗಳು ಒಬ್ಬರನ್ನೊಬ್ಬರು 'ದೌ' ಎನ್ನುತ್ತಿದ್ದರು. ದೇವರಿಗೂ ಅದೇ ಪದ, ಬಸವಣ್ಣನವರು ಕೂಡಲಸಂಗಮದೇವನನ್ನು 'ನೀನು' ಎಂದು ಕರೆದ ಹಾಗೆಯೇ. ಕೆಲವು ಪ್ರಾಂತಗಳ ಮಾತನ್ನು ಬಿಟ್ಟರೆ ಉಳಿದೆಡೆ 'ದೌ' ದಿನಬಳಕೆಯಿಂದ ಮರೆಯಾಯಿತು, 1611ರ ಬೈಬಲ್ ಅನುವಾದದಲ್ಲಿಯೂ ಪ್ರಾರ್ಥನೆಗಳಲ್ಲಿಯೂ ಮಾತ್ರ ಕಿವಿಗೆ ಬೀಳತೊಡಗಿತು. ದೇವರ ಮುಂದೆ ಕೇಳಿಬರುವ ಪದವಾದ್ದರಿಂದ ಅದು ಘನವಾದದ್ದೇ ಇರಬೇಕೆಂದು ನಂತರದವರು ಭಾವಿಸಿದರು. ತಮ್ಮ ಪಾಠದ ಮೂಲ ಅಲ್ಲಿದೆ.

ಒಂದು ಸ್ಥಳವನ್ನು ಹತ್ತಿರದಿಂದ ನೋಡೋಣ. 'ಹ್ಯಾಮ್ಲೆಟ್' ನಾಟಕದ ಮೂರನೆಯ ಅಂಕದಲ್ಲಿ ರಾಣಿ ಗರ್ಟ್ರೂಡ್ ಮಗನನ್ನು ತನ್ನ ಕೋಣೆಗೆ ಕರೆಸಿ 'ನೀನು ನಿನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀ' ಎಂದು ಏಕವಚನದಲ್ಲಿ ಮಾತು ತೆಗೆಯುತ್ತಾಳೆ. ತಂದೆ ಎಂದು ಅವಳು ಹೇಳುತ್ತಿರುವುದು ಎರಡನೆಯ ಗಂಡನನ್ನು. ಹ್ಯಾಮ್ಲೆಟ್ ಅದೇ ವಾಕ್ಯವನ್ನು ತಿರುಗಿಸಿ 'ತಾಯೀ, ನೀವು ನನ್ನ ತಂದೆಯ ಮನಸ್ಸನ್ನು ಬಹಳ ನೋಯಿಸಿದ್ದೀರಿ' ಎನ್ನುತ್ತಾನೆ. ಅವನ ಲೆಕ್ಕದಲ್ಲಿ ತಂದೆ ಎಂದರೆ ಸತ್ತುಹೋದ ಅರಸ. ದೊಡ್ಡ ಮನೆತನಗಳಲ್ಲಿ ಮಕ್ಕಳು ತಾಯಿಗೆ 'ಯೂ' ಎನ್ನುವುದು ರೂಢಿಯೇ ಆಗಿದ್ದುದರಿಂದ ಅವನ ಮಾತಿನಲ್ಲಿ ಬಾಹ್ಯವಾಗಿ ಯಾವ ತಪ್ಪೂ ಇಲ್ಲ. ಸೊಗಸು ಇರುವುದು ಅದರ ಮುಂದಿನ ಸಾಲಿನಲ್ಲಿ: ರಾಣಿ ಸಿಟ್ಟಾದ ಕೂಡಲೇ 'ದೌ' ಬಿಟ್ಟು 'ಯೂ' ಹಿಡಿಯುತ್ತಾಳೆ. ಸಿಟ್ಟು ಬಂದರೆ ಬಹುವಚನ ಹೇಗೆ ಬರುತ್ತದೆಂದು ಇಂದಿನ ಇಂಗ್ಲಿಷ್ ಓದುಗನಿಗೆ ಟಿಪ್ಪಣಿ ಹಾಕಿ ವಿವರಿಸಬೇಕು, ನಮಗೆ ಬೇಕಿಲ್ಲ. ಹೇಳಿದ ಮಾತು ಕೇಳದ ಮಗನಿಗೆ 'ಆತು ಬಿಡ್ರಿ, ನೀವು ಭಾಳ ಶಾಣ್ಯಾರಾದ್ರಿ' ಎನ್ನುವ ಅವ್ವ ಬೆಳಗಾವಿ ಸೀಮೆಯ ಪ್ರತಿ ಮನೆಯಲ್ಲಿಯೂ ಇದ್ದಾಳೆ. ಅವಳ ಬಾಯಲ್ಲಿ 'ನೀ' ಹೋಗಿ 'ನೀವು' ಬಂದ ಗಳಿಗೆಯಲ್ಲಿ ಮಗನಿಗೆ ಗೊತ್ತಾಗುತ್ತದೆ, ಇಂದು ತನ್ನ ಗತಿ ನೆಟ್ಟಗಿಲ್ಲವೆಂದು.

ಇದಕ್ಕೆ ತಿರುವುಮುರುವಾದದ್ದು ಬೈಗುಳದ 'ದೌ'. ಸಮಾನನಾದವನನ್ನೋ ಅಪರಿಚಿತನನ್ನೋ ಹಾಗೆ ಕರೆದರೆ ಜಗಳಕ್ಕೆ ಆಹ್ವಾನ ಕೊಟ್ಟಂತೆ. 1603ರಲ್ಲಿ ವಿಂಚೆಸ್ಟರ್‌ನಲ್ಲಿ ಸರ್ ವಾಲ್ಟರ್ ರಾಲೀಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ವಕೀಲನಾದ ಎಡ್ವರ್ಡ್ ಕೋಕ್ 'ದ್ರೋಹಿ, ನಿನ್ನನ್ನು ನಾನು ದೌ ಎಂದೇ ಕರೆಯುತ್ತೇನೆ' ಎಂದು ತುಂಬಿದ ಸಭೆಯಲ್ಲಿ ಕೂಗಿದ. 'ಟ್ವೆಲ್ಫ್ತ್ ನೈಟ್' ನಾಟಕದಲ್ಲಿ ಸರ್ ಟೋಬಿ ತನ್ನ ದಡ್ಡ ಗೆಳೆಯನಿಗೆ ಎದುರಾಳಿಯನ್ನು ಕೆರಳಿಸುವ ಪತ್ರ ಬರೆಯುವ ವಿಧಾನ ಹೇಳಿಕೊಡುವಾಗ, ಮೂರು ಸಲ 'ದೌ' ಹಾಕಿದರೂ ಅಡ್ಡಿಯಿಲ್ಲ ಎನ್ನುತ್ತಾನೆ. ನಮ್ಮ ದಿನಪತ್ರಿಕೆಗಳು ಇಂದಿಗೂ 'ಅಧಿಕಾರಿಯನ್ನು ಏಕವಚನದಲ್ಲಿ ನಿಂದಿಸಿದ' ಎಂದು ಸುದ್ದಿ ಬರೆಯುತ್ತವೆಯಲ್ಲ, ಅದೇ ಬಗೆಯ ಅಪರಾಧ. ಆದರೆ ಎಲ್ಲ 'ದೌ'ಗಳಿಗೂ ಹೀಗೆ ಕಾರಣ ಹುಡುಕಲು ಹೊರಡಬೇಡಿ. ಆಗಲೇ ಎರಡೂ ರೂಪಗಳು ಬೆರೆಯತೊಡಗಿದ್ದವು, ಕಾರಣವಿಲ್ಲದೆ ಬದಲಾಗುವ ಕಡೆಗಳೂ ಇವೆ.

ಅರ್ಹತಾ ಪರೀಕ್ಷೆಗೆ ಓದುತ್ತಿದ್ದೇನೆ. ಆ ಕಾಲದ ನಾಟಕಗಳ ನೂರು ಕಠಿಣ ಪದಗಳ ಪಟ್ಟಿಯನ್ನು ಅರ್ಥಸಹಿತ ಪ್ರಕಟಿಸಲು ಸಾಧ್ಯವೇ? — ಎಂ.ಎ. ಪದವೀಧರ, ವಿಜಯಪುರ

ಪ್ರಕಟಿಸಬಹುದು, ಆದರೆ ನಿಮಗೆ ಉಪಯೋಗವಾಗದು. 'ಫಾರ್ಡೆಲ್ಸ್' ಎಂಬ ಪದ ಕಂಡರೆ ನೀವು ತಾನಾಗಿಯೇ ಅಡಿಟಿಪ್ಪಣಿಗೆ ಕಣ್ಣು ಹಾಯಿಸುತ್ತೀರಿ, ಅಲ್ಲಿ 'ಹೊರೆ' ಎಂಬ ಅರ್ಥ ಸಿಗುತ್ತದೆ, ಕೆಲಸ ಮುಗಿಯಿತು. ಮೋಸ ಮಾಡುವವು ನಾಲ್ಕನೆಯ ತರಗತಿಯಿಂದ ಪರಿಚಿತವಾದ ಪದಗಳು. ಅವುಗಳನ್ನು ನಿಘಂಟಿನಲ್ಲಿ ನೋಡಬೇಕೆಂದು ಯಾರಿಗೂ ಹೊಳೆಯುವುದೇ ಇಲ್ಲ.

'ಲೆಟ್' ಎಂದರೆ ಬಿಡು ಎಂದು ನಾವೆಲ್ಲ ಬಲ್ಲೆವು. ಆದರೆ ಭೂತದ ಹಿಂದೆ ಹೊರಟ ಹ್ಯಾಮ್ಲೆಟ್‌ನನ್ನು ಗೆಳೆಯರು ಹಿಡಿದು ನಿಲ್ಲಿಸಿದಾಗ ಅವನು 'ನನ್ನನ್ನು ಲೆಟ್ ಮಾಡುವವನನ್ನೇ ಭೂತ ಮಾಡಿಬಿಡುತ್ತೇನೆ' ಎನ್ನುತ್ತಾನೆ. ಇಲ್ಲಿ ಅದರ ಅರ್ಥ 'ತಡೆ'. ಬೇರೆಬೇರೆಯಾಗಿದ್ದ ಎರಡು ಹಳೆಯ ಕ್ರಿಯಾಪದಗಳು ಉಚ್ಚಾರದಲ್ಲಿ ಒಂದಾಗಿ, ಒಂದೇ ಪದಕ್ಕೆ ಬಿಡು ಮತ್ತು ತಡೆ ಎಂಬ ಎರಡು ವಿರುದ್ಧ ಅರ್ಥಗಳು ಗಂಟುಬಿದ್ದವು. ಮನೆಯಲ್ಲಿ ಯಾರದಾದರೂ ಪಾಸ್‌ಪೋರ್ಟ್ ಇದ್ದರೆ ಒಳಪುಟವನ್ನು ತೆರೆದು ನೋಡಿ: ರಾಷ್ಟ್ರಪತಿಗಳ ಹೆಸರಿನಲ್ಲಿ ಮಾಡಿದ ವಿನಂತಿಯಲ್ಲಿ 'ಲೆಟ್ ಅಥವಾ ಅಡಚಣೆ ಇಲ್ಲದೆ' ಸಂಚರಿಸಗೊಡಬೇಕೆಂದು ಇದೆ. ಹ್ಯಾಮ್ಲೆಟ್‌ನ ಆ ಪದ ಇಂದಿಗೂ ನಮ್ಮ ಕಪಾಟಿನಲ್ಲಿದೆ.

'ವೀಡ್ಸ್' ಎಂದರೆ ಹೊಲದ ಕಸವಲ್ಲ, ಉಡುಪು. 'ಸ್ಟಿಲ್' ಎಂದರೆ ಅನೇಕ ಕಡೆ 'ಇನ್ನೂ' ಅಲ್ಲ, 'ಯಾವಾಗಲೂ'. 'ನಾಟಿ' ಎಂದರೆ ತುಂಟತನವಲ್ಲ, ದುಷ್ಟತನ. 'ಮರ್ಚಂಟ್ ಆಫ್ ವೆನಿಸ್' ನಾಟಕದ ಪೋರ್ಷಿಯಾ ದೂರದಲ್ಲಿ ಉರಿಯುವ ಮೇಣದಬತ್ತಿಯನ್ನು ಕಂಡು, ನಾಟಿಯಾದ ಲೋಕದಲ್ಲಿ ಒಳ್ಳೆಯ ಕೆಲಸವೂ ಹೀಗೆಯೇ ಬೆಳಗುತ್ತದೆ ಎನ್ನುವಾಗ ಲೋಕವನ್ನು ತುಂಟ ಮಗುವಿಗೆ ಹೋಲಿಸುತ್ತಿಲ್ಲ. 'ಫಾಂಡ್' ಎಂದರೆ ಹುಚ್ಚ, ತಿಳಿಗೇಡಿ. ಮುದುಕನಾದ ಲಿಯರ್ ತನ್ನನ್ನು ತಾನೇ ಹಾಗೆ ಕರೆದುಕೊಳ್ಳುತ್ತಾನೆ. ಹುಚ್ಚುತನ ಹೇಗೆ ಪ್ರೀತಿಯಾಯಿತೆಂದು ನೀವು ಕೇಳಲಾರಿರಿ, ಏಕೆಂದರೆ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು 'ಹುಚ್ಚ ಖೋಡಿ' ಎನ್ನುವ ಅಜ್ಜಿಯನ್ನು ಕಂಡವರು ನಾವು. 'ಸಿಲ್ಲಿ' ಎಂಬುದರ ಕಥೆ ಇನ್ನೂ ವಿಚಿತ್ರ. ಬಹಳ ಹಿಂದೆ ಅದಕ್ಕೆ 'ಧನ್ಯ' ಎಂಬ ಅರ್ಥವಿತ್ತು, ಅಲ್ಲಿಂದ 'ನಿರುಪದ್ರವಿ', 'ದಿಕ್ಕಿಲ್ಲದ', 'ಪಾಪದ' ಎಂದು ಇಳಿಯುತ್ತ ಕೊನೆಗೆ 'ಪೆದ್ದ' ಎಂಬಲ್ಲಿಗೆ ಬಂದು ನಿಂತಿತು. ನಮ್ಮ 'ಮುಗ್ಧ' ಶಬ್ದ ಇದೇ ದಾರಿಯಲ್ಲಿ ಎದುರಿನಿಂದ ಬಂದಿದೆ: ಸಂಸ್ಕೃತದಲ್ಲಿ ದಿಗ್ಭ್ರಮೆಗೊಂಡವ, ಮೂಢ ಎಂದಿದ್ದದ್ದು ಕನ್ನಡದಲ್ಲಿ ಕಪಟವರಿಯದವನಾಗಿದೆ.

ಕಾಲವನ್ನು ಸೂಚಿಸುವ ಪದಗಳನ್ನು ಮಾತ್ರ ಪರೀಕ್ಷೆಯ ದೃಷ್ಟಿಯಿಂದಲೂ ಗಟ್ಟಿ ಮಾಡಿಕೊಳ್ಳಿ. 'ಪ್ರೆಸೆಂಟ್ಲಿ', 'ಬೈ ಅಂಡ್ ಬೈ', 'ಅನಾನ್', ಈ ಮೂರಕ್ಕೂ ಮೂಲದಲ್ಲಿ 'ಈ ಕ್ಷಣವೇ' ಎಂಬ ಅರ್ಥವಿತ್ತು. 'ಟೆಂಪೆಸ್ಟ್' ನಾಟಕದಲ್ಲಿ ಪ್ರಾಸ್ಪೆರೋ ಒಂದು ಕೆಲಸ ಹೇಳಿದಾಗ ಏರಿಯಲ್ 'ಪ್ರೆಸೆಂಟ್ಲಿ?' ಎಂದು ಕೇಳುತ್ತಾನೆ, 'ಹೌದು, ಕಣ್ಣು ಮಿಟುಕಿಸುವುದರೊಳಗೆ' ಎಂದು ಉತ್ತರ ಬರುತ್ತದೆ. ನನ್ನ ವಿದ್ಯಾರ್ಥಿ ದಿನಗಳಲ್ಲಿ ಇದನ್ನು 'ಸದ್ಯಕ್ಕೆ' ಎಂದು ಅನುವಾದಿಸಿ ಅಂಕ ಕಳೆದುಕೊಂಡವನು ನಾನು. ಈ ಪದಗಳೆಲ್ಲ 'ಸ್ವಲ್ಪ ಹೊತ್ತಿನ ಮೇಲೆ' ಎಂಬ ಅರ್ಥಕ್ಕೆ ಜಾರಿದ್ದು ಏಕೆಂಬುದಕ್ಕೆ 'ಹೆನ್ರಿ ದಿ ಫೋರ್ತ್' ಮೊದಲ ಭಾಗದಲ್ಲಿ ಒಬ್ಬ ಸಾಕ್ಷಿ ಸಿಗುತ್ತಾನೆ. ಹೆಂಡದಂಗಡಿಯ ಹುಡುಗ ಫ್ರಾನ್ಸಿಸ್‌ನನ್ನು ರಾಜಕುಮಾರ ಈ ಕಡೆ ಮಾತಿಗೆ ಹಿಡಿದು ನಿಲ್ಲಿಸುತ್ತಾನೆ, ಅವನ ಗೆಳೆಯ ಪಕ್ಕದ ಕೋಣೆಯಿಂದ ಕೂಗುತ್ತಲೇ ಇರುತ್ತಾನೆ. ಹುಡುಗ ಪ್ರತಿ ಸಲವೂ 'ಅನಾನ್, ಅನಾನ್, ಸರ್' ಎನ್ನುತ್ತಾನೆ, ನಿಂತಲ್ಲಿಂದ ಕದಲುವುದಿಲ್ಲ. ಮಧ್ಯಾಹ್ನದ ಗದ್ದಲದಲ್ಲಿ ನಮ್ಮ ಖಾನಾವಳಿಗಳಲ್ಲಿ ಇನ್ನೊಂದು ರೊಟ್ಟಿ ಕೇಳಿದರೆ 'ಬಂದೇರಿ, ಬಂದೇ' ಎಂಬ ಉತ್ತರ ಬರುತ್ತದೆ. ವ್ಯಾಕರಣದ ಪ್ರಕಾರ ಭೂತಕಾಲ, ಅಂದರೆ ಬಡಿಸುವವನು ಆಗಲೇ ಬಂದು ನಿಂತಿದ್ದಾನೆ. ತಟ್ಟೆಯಲ್ಲಿ ಮಾತ್ರ ಪಲ್ಯ ಆರುತ್ತಿರುತ್ತದೆ.

'ಮಿಥಿಂಕ್ಸ್' ಎಂಬಲ್ಲಿ 'ಐ' ಬದಲು 'ಮಿ' ಬಂದಿರುವುದು ವ್ಯಾಕರಣದ ತಪ್ಪಲ್ಲವೇ? — ಓದುಗ, ಗೋಕಾಕ

ಅಲ್ಲ. ಹಿಂದೆ ಇಂಗ್ಲಿಷಿನಲ್ಲಿ 'ಯೋಚಿಸು' ಎಂಬುದಕ್ಕೂ 'ತೋರು, ಅನಿಸು' ಎಂಬುದಕ್ಕೂ ಒಂದನ್ನೊಂದು ಹೋಲುವ ಎರಡು ಕ್ರಿಯಾಪದಗಳಿದ್ದವು. 'ಮಿಥಿಂಕ್ಸ್' ಎರಡನೆಯದರಿಂದ ಬಂದದ್ದು. 'ಮಿ' ಅಲ್ಲಿ ಚತುರ್ಥೀ ವಿಭಕ್ತಿ. ಬಿಡಿಸಿದರೆ ಅಕ್ಷರಶಃ 'ನನಗೆ ಅನಿಸುತ್ತದೆ'. ಇಂಗ್ಲಿಷ್ ಈ ರಚನೆಯನ್ನು ಬಿಟ್ಟುಕೊಟ್ಟಿತು, ನಾವು ದಿನಕ್ಕೆ ನೂರು ಸಲ ಬಳಸುತ್ತೇವೆ.

ಈ ಪದವಿರುವ ಪ್ರಸಿದ್ಧ ಸಾಲು ಗರ್ಟ್ರೂಡ್‌ಳದು. ನಾಟಕದೊಳಗಿನ ನಾಟಕದಲ್ಲಿ ರಾಣಿಯ ಪಾತ್ರಧಾರಿ, ಗಂಡ ಸತ್ತರೆ ಮರುಮದುವೆಯಾಗಲಾರೆ ಎಂದು ಆಣೆಯ ಮೇಲೆ ಆಣೆ ಇಡುವುದನ್ನು ನೋಡಿ, ಆಕೆ ಅತಿಯಾಗಿ 'ಪ್ರೊಟೆಸ್ಟ್' ಮಾಡುತ್ತಾಳೆ ಎಂದು ನನಗೆ ಅನಿಸುತ್ತದೆ ಎನ್ನುತ್ತಾಳೆ. ಇಲ್ಲಿ 'ಪ್ರೊಟೆಸ್ಟ್' ಎಂದರೆ ಪ್ರತಿಭಟಿಸುವುದಲ್ಲ, ಶಪಥ ಮಾಡಿ ಹೇಳುವುದು.

ಪಾತ್ರಗಳು ಮಾತುಮಾತಿಗೆ 'ಮ್ಯಾರಿ' ಎನ್ನುತ್ತವೆ, ಮದುವೆಯ ಪ್ರಸ್ತಾಪವೇ ಇರುವುದಿಲ್ಲ. 'ಝೌಂಡ್ಸ್' ಎಂದರೇನು? — ಹವ್ಯಾಸಿ ನಟ, ಜಮಖಂಡಿ

ಮೊದಲನೆಯದು 'ಮೇರಿಮಾತೆಯ ಆಣೆ', ಎರಡನೆಯದು 'ದೇವರ ಗಾಯಗಳ ಆಣೆ'. ಬಳಸಿ ಬಳಸಿ ಸವೆದ ರೂಪಗಳು. 'ಮ್ಯಾರಿ' ಎಷ್ಟು ಸವೆದಿತ್ತೆಂದರೆ ನಿಮ್ಮ ಕಡೆಯ 'ಹೌದ ಮತ್ತ' ಎಂಬುದಕ್ಕಿಂತ ಹೆಚ್ಚಿನ ತೂಕ ಅದಕ್ಕಿರಲಿಲ್ಲ. 'ಝೌಂಡ್ಸ್' ಹಾಗಲ್ಲ. ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಎತ್ತಿದರೆ ಪ್ರತಿ ಸಲಕ್ಕೂ 10 ಪೌಂಡ್ ದಂಡವೆಂದು 1606ರಲ್ಲಿ ಕಾನೂನಾಯಿತು. 1622ರಲ್ಲಿ ಬಿಡಿಯಾಗಿ ಅಚ್ಚಾದ 'ಒಥೆಲೋ'ದಲ್ಲಿ ಇರುವ ಇಂಥ ಆಣೆಗಳು ಷೇಕ್ಸ್‌ಪಿಯರನ ನಾಟಕಗಳನ್ನು ಒಟ್ಟುಗೂಡಿಸಿದ 1623ರ ದೊಡ್ಡ ಸಂಪುಟದಲ್ಲಿ ಕಾಣಸಿಗದಿರುವುದು ಆ ಕಾನೂನಿನ ಬಿಸಿಯಿಂದಲೇ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ.

ಈ ನಾಟಕಗಳ ಪ್ರಾಚೀನತೆ ತೋರುವಂತೆ ಕನ್ನಡ ಅನುವಾದದಲ್ಲಿ ಹಳಗನ್ನಡ ಬಳಸಬೇಕೆಂದಿದ್ದೇನೆ. ತಮ್ಮ ಅಭಿಪ್ರಾಯವೇನು? — ಹವ್ಯಾಸಿ ನಿರ್ದೇಶಕ, ಇಳಕಲ್

ಬೇಡವೆಂಬುದೇ ನನ್ನ ಅಭಿಪ್ರಾಯ. 1600ರಲ್ಲಿ ಗ್ಲೋಬ್ ರಂಗಮಂದಿರದ ಅಂಗಳದಲ್ಲಿ ಒಂದು ಪೆನ್ನಿ ಕೊಟ್ಟು ನಿಂತು ನೋಡಿದವನಿಗೆ ಆ ಭಾಷೆ ಹಳೆಯದಾಗಿ ಕೇಳಿಸಲಿಲ್ಲ. ಸೊಗಸಾಗಿ, ಕೆಲವೊಮ್ಮೆ ತೊಡಕಾಗಿ ಕೇಳಿಸಿರಬಹುದು. ನಿಮ್ಮ ಜಿಲ್ಲೆಯವರೇ ಆದ, 'ಕರ್ನಾಟಕದ ಷೇಕ್ಸ್‌ಪಿಯರ್' ಎಂದು ಜನ ಕರೆದ ಕಂದಗಲ್ ಹನುಮಂತರಾಯರು ಪೌರಾಣಿಕ ಪಾತ್ರಗಳಿಗೆ ಬರೆದ ಮಾತುಗಳನ್ನು ನೆನೆಯಿರಿ: ಗತ್ತು ಉಂಟು, ಪ್ರಾಸ ಉಂಟು, ಆದರೆ ಹಿಂದಿನ ಸಾಲಿನಲ್ಲಿ ಕುಳಿತ ರೈತನಿಗೂ ಅರ್ಥವಾಗುತ್ತದೆ. ಅರಸರಿಗೆ ಆ ಧಾಟಿ ಹಿಡಿಯಿರಿ. ಆಳನ್ನು ಕರೆಯುವ 'ಸಿರಾ' ಬಂದಲ್ಲಿ ಕಂಪನಿ ನಾಟಕದ 'ಎಲವೋ' ಹೊಂದುತ್ತದೆ, ಬರಿಯ 'ಲೇ' ಕೂಡ ಹೊಂದುತ್ತದೆ. 'ಸರ್' ಎಂದು ಮಾತ್ರ ಮಾಡಬೇಡಿ. 'ಹ್ಯಾಮ್ಲೆಟ್' ನಾಟಕದ ಗೋರಿ ತೋಡುವವರಿಗೆ ಇಳಕಲ್ಲಿನ ಮಾತನ್ನೇ ಕೊಡಿ. ಅವರ ಬಾಯಲ್ಲಿ ಹಳಗನ್ನಡ ಬಂದರೆ ಜನ ನಗುತ್ತಾರೆ, ಆದರೆ ನಗಬೇಕಾದ ಜಾಗದಲ್ಲಿ ಅಲ್ಲ.